ಮಾತಾಡಿದೆ, ಚೆನ್ನಾಗಿದ್ದಾರೆ

ಐದನೆಯ ಸಲವೂ ಫೋನು ಪೂರ್ತಿ ರಿಂಗಾಗಿ ತಾನಾಗಿಯೇ ಸುಮ್ಮನಾಯಿತು. ಅವಳು ಅದನ್ನು ಕಿವಿಯಿಂದ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು, ಆ ಕಡೆಯಿಂದ ಇನ್ನೂ ಏನೋ ಬರಬಹುದು ಎನ್ನುವ ಹಾಗೆ. ಭಾನುವಾರ, ಎಂಟೂವರೆ. ಗಂಡ ಪಂಪ್‌ಹೌಸಿನ ಪಾಳಿಗೆ ಹೋಗಿ ಎರಡು ಗಂಟೆಯಾಗಿತ್ತು; ಊರಿಗೆಲ್ಲ ಬೀಗ ಬಿದ್ದರೂ ನೀರು ಮಾತ್ರ ಏರಲೇಬೇಕಲ್ಲ. ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅದರ ಕೆಳಗೆ ಎರಡು ದಪ್ಪ ಪುಸ್ತಕ ತೂರಿಸಿ, ಇಬ್ಬರ ಮುಖವೂ ಪರದೆಯೊಳಗೆ ಹಿಡಿಯುವಂತೆ ಸರಿಮಾಡುತ್ತಿದ್ದಳು. ಒಂಬತ್ತಕ್ಕೆ ಆರಾಧನೆ. ಹಾಡಿನ ಮೇಷ್ಟ್ರಿಗೆ ಕಿವಿ ಮಂದ, ಸ್ನಾನಕ್ಕೆ ಹೋಗಿರಬಹುದು, ಫೋನನ್ನು ದಿಂಬಿನ ಕೆಳಗೆ ಇಟ್ಟು ಮರೆತಿರಬಹುದು ಎಂದು ಅವಳು ತನಗೇ ಒಂದೊಂದಾಗಿ ಹೇಳಿಕೊಂಡಳು. ಕನ್ನಡಕದಂಗಡಿಯಲ್ಲಿ ಹದಿನೆಂಟು ವರ್ಷ ಜನರ ಕಣ್ಣು ನೋಡಿದವಳು ಅವಳು. ಗೋಡೆಯ ಅಕ್ಷರ ಕಾಣದಿದ್ದರೂ ಮೊದಲೇ ಬಾಯಿಪಾಠ ಮಾಡಿಕೊಂಡು ಬಂದು ಗಡಗಡ ಹೇಳುವವರನ್ನು ಎಷ್ಟೋ ಸಲ ಹಿಡಿದಿದ್ದಾಳೆ. ಸುಳ್ಳು ಹೇಳುವವರು ಯಾವಾಗಲೂ ಸ್ವಲ್ಪ ಬೇಗ ಹೇಳಿಬಿಡುತ್ತಾರೆ. ಈಗ ಮೇಷ್ಟ್ರ ಬಗ್ಗೆ ಕಾರಣಗಳು ಅವಳಿಗೆ ಅಷ್ಟೇ ಬೇಗ ಹೊಳೆಯುತ್ತಿದ್ದವು.

ಚರ್ಚಿನ ಬಾಗಿಲು ಹಾಕಿ ಏಳನೆಯ ವಾರ. ಮೊದಲನೆಯ ವಾರವೇ ಪಾದ್ರಿಗಳು ಸಭೆಯ ಮನೆಗಳನ್ನೆಲ್ಲ ಹತ್ತತ್ತರಂತೆ ಹಂಚಿದ್ದರು. ಪ್ರತಿ ಹತ್ತು ಮನೆಗೆ ಒಬ್ಬರು ದಿನಾ ಫೋನ್ ಮಾಡಬೇಕು, ಜ್ವರವಿದೆಯಾ, ಮಾತ್ರೆ ಮುಗಿದಿದೆಯಾ, ಅಡಿಗೆಮನೆಯಲ್ಲಿ ಸಾಮಾನು ಇದೆಯಾ ಎಂದು ಕೇಳಬೇಕು, ಕೇಳಿದ್ದನ್ನು ಸಭೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಕು. ಆ ಪಟ್ಟಿಯನ್ನೆಲ್ಲ ಇಟ್ಟುಕೊಂಡಿದ್ದವರು ನಿವೃತ್ತ ಮುಖ್ಯೋಪಾಧ್ಯಾಯಿನಿ ಒಬ್ಬರು. ಎಲ್ಲರೂ ಅವರನ್ನು ಈಗ ಪಟ್ಟಿ ಅಕ್ಕ ಎಂದೇ ಕರೆಯುತ್ತಿದ್ದರು, ಎದುರಿಗೂ. ಅವಳ ಪಾಲಿನ ಹತ್ತು ಮನೆಯಲ್ಲಿ ಹತ್ತನೆಯದು ಹಾಡಿನ ಮೇಷ್ಟ್ರದು. ಎಂಬತ್ತೆರಡು ವರ್ಷ, ಮೂರನೆಯ ಮಹಡಿಯಲ್ಲಿ ಒಬ್ಬರೇ. ಪಟ್ಟಿ ಕೈಗೆ ಬಂದಾಗ ಆ ಹೆಸರನ್ನು ಅವಳು ಎರಡು ಸಲ ಓದಿದ್ದಳು. ಬದಲಾಯಿಸಿಕೊಡಿ ಎಂದು ಕೇಳಿದ್ದರೆ ಕಾರಣ ಹೇಳಬೇಕಾಗುತ್ತಿತ್ತು, ಆ ಕಾರಣಕ್ಕೆ ಮೂವತ್ತೊಂದು ವರ್ಷ ವಯಸ್ಸು.

ಅವಳಿಗೆ ಆಗ ಹದಿನೇಳು. ಚರ್ಚಿನ ವಾರ್ಷಿಕೋತ್ಸವದ ಹಾಡಿಗೆ ಮೂರು ತಿಂಗಳು ಅಭ್ಯಾಸ. ಕೊನೆಯ ದಿನ ಮೇಷ್ಟ್ರು ಆರ್ಗನ್ನಿನಿಂದ ಕೈ ತೆಗೆದು, ತಲೆ ಓರೆ ಮಾಡಿ, ಎರಡನೆಯ ಸಾಲಿನವರನ್ನು ಒಬ್ಬೊಬ್ಬರಾಗಿ ಹಾಡಿಸಿದರು. ಅವಳ ಸರದಿ ಬಂದಾಗ ಎರಡೇ ಸಾಲು ಕೇಳಿ ಕೈ ಎತ್ತಿ ನಿಲ್ಲಿಸಿದರು. ಬೈಯಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತೋ ಏನೋ. ಮೂವತ್ತು ಜನರ ಎದುರು, ತುಂಬ ಸಮಾಧಾನದಿಂದ, ನೀನು ಬಾಯಿ ಆಡಿಸಿದರೆ ಸಾಕಮ್ಮ, ದನಿ ಬೇಡ ಎಂದರು. ಯಾರೋ ಹಿಂದೆ ಕಿಸಕ್ಕೆಂದರು. ಬಿಳಿ ಅಂಗಿ ಆಗಲೇ ಹೊಲಿಸಿಯಾಗಿತ್ತು, ಅಪ್ಪ ಅಮ್ಮ ಮೊದಲನೆಯ ಬೆಂಚಿನಲ್ಲಿ ಕೂರುವವರಿದ್ದರು, ಆದ್ದರಿಂದ ಅವಳು ಮಾರನೆಯ ದಿನ ನಿಂತಳು, ಬಾಯಿ ಆಡಿಸಿದಳು. ಆರು ಹಾಡಿಗೂ ಆಡಿಸಿದಳು. ಆಮೇಲೆ ಮದುವೆಯಾಗಿ, ಮಗಳು ಹುಟ್ಟಿ, ಆ ಮಗಳಿಗೆ ಅದೇ ಚರ್ಚಿನಲ್ಲಿ ದೀಕ್ಷಾಸ್ನಾನವಾಗಿ, ಇಷ್ಟೆಲ್ಲ ವರ್ಷ ಪ್ರತಿ ಭಾನುವಾರ ಅವಳು ಹಾಡಿನ ಪುಸ್ತಕ ಹಿಡಿದು ಬಾಯಿ ಆಡಿಸುತ್ತಲೇ ಬಂದಿದ್ದಳು. ಗಂಡನಿಗೂ ಗೊತ್ತಿರಲಿಲ್ಲ. ಅವನ ದನಿ ದೊಡ್ಡದು, ಅದರ ಅಡಿಯಲ್ಲಿ ಅವಳ ಮೌನ ಯಾರಿಗೂ ಕೇಳಿಸುತ್ತಿರಲಿಲ್ಲ.

ಆದರೂ ಐದು ವಾರ ಅವಳು ನಿಯತ್ತಾಗಿ ಫೋನ್ ಮಾಡಿದಳು. ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರಿಗೆ, ಕೂಗಿ ಕೂಗಿ ಗಂಟಲು ಹರಿಯುವವರೆಗೆ. ಅವರು ತಮ್ಮ ಮಂಡಿಯ ಬಗ್ಗೆ ಹೇಳುತ್ತಿದ್ದರು, ಬಾಲ್ಕನಿಯ ಪಾರಿವಾಳಗಳ ಬಗ್ಗೆ ಹೇಳುತ್ತಿದ್ದರು, ತೀರಿಕೊಂಡ ಹೆಂಡತಿ ಇವತ್ತು ಬೆಳಿಗ್ಗೆ ಬೈದಳು ಎನ್ನುವ ಹಾಗೆ ಹೇಳುತ್ತಿದ್ದರು. ಮೃದುವಾಗಿದ್ದರು. ಅದು ಅವಳಿಗೆ ಇನ್ನೂ ಕಷ್ಟವಾಗಿತ್ತು. ಮನಸ್ಸಿನಲ್ಲಿ ಇಷ್ಟು ವರ್ಷ ನಿಲ್ಲಿಸಿಕೊಂಡಿದ್ದ ಆ ನೆಟ್ಟನೆಯ, ಕೈ ಎತ್ತಿದ ಮನುಷ್ಯ ಎಲ್ಲಿ ಹೋದ ಎಂದು ಅವಳು ಫೋನಿಟ್ಟ ಮೇಲೆ ಹುಡುಕುತ್ತಿದ್ದಳು. ಕಳೆದ ಮಂಗಳವಾರ, ಯಾವ ದೆವ್ವ ಹೊಕ್ಕಿತೋ, ತಾನಾಗಿಯೇ ಬಾಯಿ ಬಿಟ್ಟಳು. ನಾನೂ ನಿಮ್ಮ ಹತ್ತಿರ ಹಾಡಿದ್ದೆ ಮೇಷ್ಟ್ರೇ, ಎರಡನೆಯ ಸಾಲಿನಲ್ಲಿ, ವಾರ್ಷಿಕೋತ್ಸವಕ್ಕೆ ಎಂದಳು. ಅವರು ಯಾರ ಮಗಳು ನೀನು ಎಂದು ಕೇಳಿದರು. ಹೇಳಿದಳು. ಆಗ ಅವರು ನಕ್ಕು, "ಇಲ್ಲಮ್ಮ, ನನ್ನ ಹತ್ರ ಹಾಡಿದವರೆಲ್ಲ ನನಗೆ ನೆನಪಿದ್ದಾರೆ. ಒಬ್ಬೊಬ್ಬರ ದನೀನೂ ಹೇಳ್ತೀನಿ ಬೇಕಾದ್ರೆ. ನೀನಿರಲಿಲ್ಲ ಬಿಡು," ಎಂದರು.

ಬುಧವಾರ ಹತ್ತು ಗಂಟೆಗೆ ಅವಳು ಒಂಬತ್ತು ಮನೆ ಮುಗಿಸಿ, ಹತ್ತನೆಯ ನಂಬರಿನ ಮೇಲೆ ಬೆರಳಿಟ್ಟು, ತೆಗೆದಳು. ಸಂಜೆ ಮಾಡಿದರಾಯಿತು. ಸಂಜೆ ಮಾಡಲಿಲ್ಲ. ಗುಂಪಿನಲ್ಲಿ ಪಟ್ಟಿ ಅಕ್ಕ ಎಲ್ಲರದೂ ಬಂತು, ನಿನ್ನದೊಂದು ಬಾಕಿ ಎಂದು ಹಾಕಿದಾಗ, ದಿನಾ ಹಾಕುವಂತೆ ಹತ್ತೂ ಹೆಸರಿನ ಮುಂದೆ ಬರೆದಳು: ಮಾತಾಡಿದೆ, ಚೆನ್ನಾಗಿದ್ದಾರೆ. ಬರೆದದ್ದು ಎಷ್ಟು ಸುಲಭವಾಗಿತ್ತೆಂದರೆ ಗುರುವಾರ ಅದಕ್ಕಾಗಿ ಯೋಚನೆಯನ್ನೂ ಮಾಡಲಿಲ್ಲ. ಶುಕ್ರವಾರ ಸ್ವಲ್ಪ ಅಳುಕಿತ್ತು. ಶನಿವಾರದ ಹೊತ್ತಿಗೆ, ಮೂರು ದಿನ ಯಾಕೆ ಮಾಡಲಿಲ್ಲ ಎಂದು ಮೇಷ್ಟ್ರು ಕೇಳಿದರೆ ಏನು ಹೇಳುವುದು ಎನ್ನುವ ಹೊಸ ಭಯವೇ ಫೋನ್ ಮಾಡದಿರಲು ಕಾರಣವಾಗಿ ನಿಂತಿತು. ಮಾತಾಡಿದೆ, ಚೆನ್ನಾಗಿದ್ದಾರೆ.

ಒಂಬತ್ತಕ್ಕೆ ಪರದೆಯ ತುಂಬ ಚೌಕ ಚೌಕವಾಗಿ ಮುಖಗಳು ತೆರೆದುಕೊಂಡವು. ಕೆಲವರು ಇಸ್ತ್ರಿ ಮಾಡಿದ ಬಟ್ಟೆ ಹಾಕಿ ಕೂತಿದ್ದರು, ಕೆಲವರದು ಹಣೆ ಮಾತ್ರ ಕಾಣುತ್ತಿತ್ತು, ಒಬ್ಬರ ಚೌಕದಲ್ಲಿ ಬರೀ ಸೂರು ಮತ್ತು ತಿರುಗುವ ಫ್ಯಾನು. ಮೇಷ್ಟ್ರಿಗೆ ಇದೆಲ್ಲ ಬರುತ್ತಿರಲಿಲ್ಲ. ಅವರು ಮಾಮೂಲಿ ಫೋನಿನಲ್ಲೇ ಸೇರಿಕೊಳ್ಳುತ್ತಿದ್ದರು, ಅವರ ಚೌಕ ಯಾವಾಗಲೂ ಕಪ್ಪು, ಮಧ್ಯೆ ಬರೀ ನಂಬರು. ಅವಳು ಕಪ್ಪು ಚೌಕಗಳನ್ನೆಲ್ಲ ಎಣಿಸಿದಳು. ನಾಲ್ಕಿದ್ದವು. ಯಾವುದರಲ್ಲೂ ಆ ನಂಬರಿರಲಿಲ್ಲ. ಪಾದ್ರಿಗಳು ಖಾಲಿ ಚರ್ಚಿನಲ್ಲಿ ಒಬ್ಬರೇ ನಿಂತು ಮಾತಾಡುತ್ತಿದ್ದರಿಂದ ಪ್ರತಿ ಮಾತಿನ ಹಿಂದೆ ಅದೇ ಮಾತು ಇನ್ನೊಂದು ಸಲ ಗೋಡೆಗೆ ತಾಗಿ ಬರುತ್ತಿತ್ತು. ಹಾಡಿನ ಹೊತ್ತಿಗೆ ಎಲ್ಲರ ಮೈಕನ್ನೂ ಮುಚ್ಚಿಸಿದರು, ಇಲ್ಲದಿದ್ದರೆ ಒಬ್ಬರು ಮೊದಲು ಇನ್ನೊಬ್ಬರು ಕೊನೆಗೆ ಆಗಿ ಗಲಿಬಿಲಿಯಾಗುತ್ತದೆ. ಎಪ್ಪತ್ತು ಬಾಯಿಗಳು ಸದ್ದಿಲ್ಲದೆ ಆಡತೊಡಗಿದವು. ಅವಳದೂ ಆಡಿತು. ಪಕ್ಕದಲ್ಲಿ ಮಗಳು ಮಾತ್ರ ನಿಜವಾಗಿ ಹಾಡುತ್ತಿದ್ದಳು, ಸ್ವಲ್ಪ ಶ್ರುತಿ ಬಿಟ್ಟು, ಲಕ್ಷ್ಯವಿಲ್ಲದೆ.

ಪ್ರಾರ್ಥನೆಯಲ್ಲಿ ಪಾದ್ರಿಗಳು ಪಟ್ಟಿ ಅಕ್ಕ ಕಳಿಸಿದ ಹಾಳೆಯನ್ನು ಕೈಯಲ್ಲಿ ಹಿಡಿದಿದ್ದರು. ಜ್ವರ ಇಳಿದವರಿಗಾಗಿ, ಆಸ್ಪತ್ರೆಯಲ್ಲಿರುವ ಇಬ್ಬರಿಗಾಗಿ, ಕೆಲಸ ಕಳೆದುಕೊಂಡವರಿಗಾಗಿ ಬೇಡಿದರು. ಆಮೇಲೆ, ಒಬ್ಬರೇ ವಾಸಿಸುವ ನಮ್ಮ ಹಿರಿಯರನ್ನು, ವಿಶೇಷವಾಗಿ ನಮ್ಮೆಲ್ಲರಿಗೆ ಹಾಡು ಕಲಿಸಿದ ಮೇಷ್ಟ್ರನ್ನು, ಈ ವಾರವೂ ಆರೋಗ್ಯವಾಗಿ ಕಾಪಾಡಿದ್ದಕ್ಕಾಗಿ ಸ್ತೋತ್ರ ಎಂದರು. ಎಪ್ಪತ್ತು ತಲೆಗಳು ಬಾಗಿದವು. ಅವಳು ಬಾಗಿಸಲಾರದೆ ಪರದೆಯಲ್ಲಿ ತನ್ನದೇ ಮುಖವನ್ನು ನೋಡಿದಳು. ಕಣ್ಣು ಬಿಟ್ಟುಕೊಂಡಿದ್ದ ಮುಖ ಅದೊಂದೇ. ತಾನು ನಾಲ್ಕು ಸಲ ಟೈಪು ಮಾಡಿದ ಎರಡು ಪದ ಅಷ್ಟೊಂದು ಜನರ ಬಾಯಿಂದ ಆಮೆನ್ ಆಗಿ ಮೇಲೆ ಹೋಯಿತು.

ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ ಮೈಕು ತೆರೆದು ಎಲ್ಲರೂ ಮಾತಾಡುವ ಪದ್ಧತಿ. ಚರ್ಚಿನ ಅಂಗಳದಲ್ಲಿ ನಿಂತು ಟೀ ಕುಡಿಯುತ್ತಿದ್ದುದರ ಬದಲಿಗೆ. ಯಾರದೋ ನಾಯಿ ಬೊಗಳಿತು, ಯಾರೋ ತಮ್ಮ ಕೂದಲನ್ನು ತಾವೇ ಕತ್ತರಿಸಿಕೊಂಡಿದ್ದನ್ನು ತೋರಿಸಿ ನಗಿಸಿದರು. ಆ ನಗುವಿನ ನಡುವೆಯೇ ಪಟ್ಟಿ ಅಕ್ಕ ಅವಳ ಹೆಸರು ಹಿಡಿದು ಕರೆದರು. ಮೇಷ್ಟ್ರು ಇವತ್ತು ಸೇರಿಕೊಂಡಿಲ್ಲ, ನಾನು ಬೆಳಿಗ್ಗೆ ಫೋನ್ ಮಾಡಿದರೆ ಎತ್ತಲಿಲ್ಲ, ನೀನು ನಿನ್ನೆ ಮಾತಾಡಿದೆಯಲ್ಲ, ಹೇಗಿದ್ದರು ಎಂದು ಕೇಳಿದರು. ಸುಳ್ಳು ಹೇಳಬೇಕೆಂದು ಅವಳು ತೀರ್ಮಾನ ಮಾಡಲೇ ಇಲ್ಲ. ತೀರ್ಮಾನ ಮಾಡುವಷ್ಟು ಹೊತ್ತೂ ಇರಲಿಲ್ಲ.

"ಚೆನ್ನಾಗಿದ್ರು ಅಕ್ಕ. ಕಿವಿನೋವು ಅಂತಿದ್ರು, ಎರಡು ದಿನ ಫೋನ್ ಮುಟ್ಟೋದಿಲ್ಲ ಅಂದ್ರು."

ಅಯ್ಯೋ ಪಾಪ ಎಂದು ಯಾರೋ ಅಂದರು. ಪಟ್ಟಿ ಅಕ್ಕ ಹಾಗಿದ್ದರೆ ಸರಿ ಎಂದು ಏನನ್ನೋ ಬರೆದುಕೊಂಡರು. ಮಾತು ಮತ್ತೆ ಕೂದಲಿನ ಕಡೆಗೆ ಹೋಯಿತು. ಕಿವಿನೋವು ಎಲ್ಲಿಂದ ಬಂತು ಎಂದು ಅವಳಿಗೇ ತಿಳಿಯಲಿಲ್ಲ. ಎರಡು ದಿನ ಎಂದುಬಿಟ್ಟಿದ್ದಳು. ಇನ್ನು ಎರಡು ದಿನ ಈ ಊರಿನಲ್ಲಿ ಒಬ್ಬರೂ ಮೇಷ್ಟ್ರಿಗೆ ಫೋನ್ ಮಾಡುವುದಿಲ್ಲ, ಎತ್ತಲಿಲ್ಲವೆಂದು ಯಾರೂ ಗಾಬರಿಯಾಗುವುದಿಲ್ಲ. ಅವಳು ಒಂದು ಬಾಗಿಲನ್ನು ಹೊರಗಿನಿಂದ ಚಿಲಕ ಹಾಕಿ ಬಂದಂತಾಗಿತ್ತು.

ಮಗಳು ಲ್ಯಾಪ್‌ಟಾಪ್ ಮುಚ್ಚಿದಳು. ಮುಚ್ಚಿದ ಮೇಲೂ ಕೈಯನ್ನು ಅದರ ಮೇಲೆಯೇ ಇಟ್ಟುಕೊಂಡು ಕೂತಿದ್ದಳು. ಹದಿನಾಲ್ಕು ವರ್ಷ, ಏಳು ವಾರದಿಂದ ಎರಡು ಕೋಣೆಯ ಮನೆಯಲ್ಲಿ ಅಮ್ಮನ ಜೊತೆ. ಈ ಮನೆಯಲ್ಲಿ ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಕೇಳಿಸುತ್ತದೆ.

"ಅಮ್ಮ, ನಿನ್ನೆ ನೀನು ಅವರ ಹತ್ರ ಯಾವಾಗ ಮಾತಾಡಿದೆ?"

"ಬೆಳಿಗ್ಗೆ."

"ನೀನು ಮಾತಾಡಿದ್ರೆ ಇಡೀ ಬಿಲ್ಡಿಂಗಿಗೆ ಕೇಳುತ್ತೆ. ಅವರಿಗೆ ಕೂಗಿ ಹೇಳ್ಬೇಕಲ್ಲ. ಈ ವಾರ ಕೂಗೇ ಇಲ್ಲ."

ಅವಳು ಬೈಯಬಹುದಿತ್ತು. ದೊಡ್ಡವರ ವಿಷಯಕ್ಕೆ ತಲೆ ಹಾಕಬೇಡ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮಗಳ ಮುಖದಲ್ಲಿ ಸಿಟ್ಟಿರಲಿಲ್ಲ, ಗೆದ್ದ ಭಾವವೂ ಇರಲಿಲ್ಲ. ಮುಜುಗರವಿತ್ತು, ಅಮ್ಮನ ಬಟ್ಟೆ ಹರಿದಿರುವುದನ್ನು ರಸ್ತೆಯಲ್ಲಿ ನೋಡಿಬಿಟ್ಟ ಹಾಗೆ. ಅವಳು ಮಾಸ್ಕ್ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ, ನೋಡಿಕೊಂಡು ಬರುತ್ತೇನೆ, ಬಾಗಿಲು ಹಾಕಿಕೋ ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು.

ರಸ್ತೆಗಳು ತೊಳೆದಿಟ್ಟ ತಟ್ಟೆಗಳ ಹಾಗೆ ಖಾಲಿಯಾಗಿದ್ದವು. ತನ್ನ ಹೆಜ್ಜೆ ತನಗೇ ಕೇಳಿಸುವುದು ಅವಳಿಗೆ ಅಭ್ಯಾಸವಿರಲಿಲ್ಲ. ಮುಚ್ಚಿದ ಕನ್ನಡಕದಂಗಡಿಯನ್ನು ದಾಟುವಾಗ ಗಾಜಿನೊಳಗೆ ಸಾಲಾಗಿ ಕೂತ ಖಾಲಿ ಫ್ರೇಮುಗಳು ಧೂಳು ಹಿಡಿದಿದ್ದು ಕಂಡಿತು. ನಡೆಯುತ್ತ ಇನ್ನೆರಡು ಸಲ ಫೋನ್ ಮಾಡಿದಳು. ರಿಂಗಾಯಿತು, ನಿಂತಿತು. ಎತ್ತಿದರೆ ಏನು ಹೇಳಬೇಕೆಂದು ಮನಸ್ಸು ಜೋಡಿಸಿಕೊಳ್ಳುತ್ತಿತ್ತು: ಜ್ವರ ಬಂದಿತ್ತು ಮೇಷ್ಟ್ರೇ. ಮಗಳಿಗೆ ಹುಷಾರಿರಲಿಲ್ಲ ಮೇಷ್ಟ್ರೇ. ಅಷ್ಟರಲ್ಲೇ ಅವಳಿಗೆ ಇನ್ನೊಂದು ಆಸೆ ಹುಟ್ಟಿತು. ಅವರು ಸತ್ತೇಹೋಗಿದ್ದರೆ, ಅದೂ ನಿದ್ದೆಯಲ್ಲಿ, ಒಂದು ಕ್ಷಣದಲ್ಲಿ, ಈಗಷ್ಟೇ, ಇವತ್ತು ಬೆಳಿಗ್ಗೆ, ಆಗ ಯಾರೂ ಏನೂ ಕೇಳುವುದಿಲ್ಲ. ಆ ಯೋಚನೆ ಪೂರ್ತಿಯಾಗುವ ಮುಂಚೆಯೇ ಅವಳ ಕಾಲುಗಳು ನಿಂತುಬಿಟ್ಟವು. ನಡುರಸ್ತೆಯಲ್ಲಿ ನಿಂತು ತನ್ನೊಳಗೆ ಇಂಥದ್ದೊಂದು ಇದೆಯಲ್ಲ ಎಂದು ನೋಡಿದಳು. ಮೂವತ್ತೊಂದು ವರ್ಷ ಆ ಮನುಷ್ಯ ತನ್ನನ್ನು ಸಣ್ಣವಳನ್ನಾಗಿ ಮಾಡಿದ ಎಂದುಕೊಂಡಿದ್ದಳು. ಇಷ್ಟು ಸಣ್ಣವಳಾಗುವುದಕ್ಕೆ ಇನ್ನೊಬ್ಬರ ಸಹಾಯ ಬೇಕಾಗಿರಲಿಲ್ಲ.

ತಿರುವಿನಲ್ಲಿ ಕಬ್ಬಿಣದ ತಡೆ ಅಡ್ಡ ಇಟ್ಟು ಪೊಲೀಸಿನವನೊಬ್ಬ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಎಲ್ಲಿಗೆ ಎಂದ. ವಯಸ್ಸಾದವರೊಬ್ಬರು ಒಬ್ಬರೇ ಇದ್ದಾರೆ, ಫೋನ್ ಎತ್ತುತ್ತಿಲ್ಲ ಎಂದಳು. ನಿಮಗೆ ಅವರು ಏನಾಗಬೇಕು ಎಂದು ಕೇಳಿದ. ಅಪ್ಪ, ಮಾವ, ಚಿಕ್ಕಪ್ಪ, ಯಾವುದನ್ನು ಹೇಳಿದ್ದರೂ ಅವನು ಬಿಡುತ್ತಿದ್ದ. ಸುಳ್ಳು ಬಾಯಿಗೆ ಬರಲಿಲ್ಲ. "ಏನೂ ಆಗಬೇಕಿಲ್ಲ. ನಮ್ಮ ಚರ್ಚಿನವರು," ಎಂದಳು. ಅವನು ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಕಾಲಿನಿಂದಲೇ ತಡೆಯನ್ನು ಅರ್ಧ ಸರಿಸಿದ.

ಮೂರನೆಯ ಮಹಡಿಗೆ ಏರಿದಾಗ ಉಸಿರು ಮಾಸ್ಕಿನೊಳಗೆ ಬಿಸಿಯಾಗಿತ್ತು. ಬಾಗಿಲ ಹಿಡಿಗೆ ಒಂದು ಕೈಚೀಲ ನೇತಾಡುತ್ತಿತ್ತು, ಒಳಗೆ ಎರಡು ಹಾಲಿನ ಪ್ಯಾಕೆಟ್ಟು. ಒಂದು ಉಬ್ಬಿಕೊಂಡಿತ್ತು. ನಿನ್ನೆಯದು. ಅವಳು ಗಂಟೆ ಒತ್ತಿದಳು, ಬಾಗಿಲು ತಟ್ಟಿದಳು, ಮೇಷ್ಟ್ರೇ ಎಂದು ಕೂಗಿದಳು. ಎದುರು ಮನೆಯವನು ಬಾಗಿಲನ್ನು ಒಂದು ಗೇಣು ತೆರೆದು ಅದರ ಹಿಂದೆಯೇ ನಿಂತ. ನಿನ್ನೆಯಿಂದ ಕಂಡಿಲ್ಲ, ಮಲಗಿರಬಹುದು ಎಂದುಕೊಂಡೆವು, ಈ ಕಾಲದಲ್ಲಿ ಯಾರ ಬಾಗಿಲು ಮುಟ್ಟುವುದಕ್ಕೂ ಭಯ ಎಂದ. ಹೇಳುವಾಗ ಅವನ ಕಣ್ಣು ಹಾಲಿನ ಮೇಲೆಯೇ ಇತ್ತು. ಅವಳು ತಲೆಯಾಡಿಸಿದಳು. ಅವನನ್ನು ಅನ್ನುವ ಮುಖ ಅವಳಿಗೆಲ್ಲಿತ್ತು. ಬಾಗಿಲಿಗೆ ಕಿವಿಯಿಟ್ಟಳು. ಮರದ ತಣ್ಣನೆಯ ವಾರ್ನಿಶ್ ವಾಸನೆ. ಆಮೇಲೆ, ತೀರ ಕೆಳಗಿನಿಂದ, ಏನೋ ನೆಲವನ್ನು ಉಜ್ಜಿದ ಸದ್ದು. ಪಾರಿವಾಳವೂ ಇರಬಹುದು.

ತುರ್ತು ಸಹಾಯದ ನಂಬರು ಹನ್ನೊಂದು ಸಲ ರಿಂಗಾದ ಮೇಲೆ ಒಬ್ಬ ಹುಡುಗಿ ಎತ್ತಿದಳು. ವಿಳಾಸ, ವಯಸ್ಸು, ಜ್ವರವಿತ್ತಾ, ಬಾಗಿಲು ಒಳಗಿಂದ ಹಾಕಿದೆಯಾ ಎಂದು ಒಂದೇ ದನಿಯಲ್ಲಿ ಕೇಳುತ್ತ ಹೋದಳು. ಹಿಂದೆ ಹತ್ತಾರು ಫೋನುಗಳು ಬಡಿದುಕೊಳ್ಳುತ್ತಿದ್ದವು.

"ಕೊನೇ ಸಲ ಯಾವಾಗ ಮಾತಾಡಿದ್ದು?"

"ನಿನ್ನೆ," ಎಂದಳು ಅವಳು. ಬಾಯಿಪಾಠವಾಗಿಬಿಟ್ಟಿತ್ತು.

ನಿನ್ನೆ ಮಾತಾಡಿದ್ದರೆ ಇವತ್ತು ಸಂಜೆಯವರೆಗೆ ನೋಡಿ ಎಂದಳು ಹುಡುಗಿ. ಗಾಡಿಗಳೆಲ್ಲ ಉಸಿರು ಸಿಗದವರ ಮನೆಗೆ ಹೋಗಿವೆ, ನಿಮ್ಮ ಮುಂದೆ ನಲವತ್ತು ಜನ ಇದ್ದಾರೆ, ಸಂಜೆಗೂ ತೆಗೆಯದಿದ್ದರೆ ಮತ್ತೆ ಮಾಡಿ. ಇನ್ನೇನು ಇಡುವುದರಲ್ಲಿದ್ದಳು. ಎದುರು ಮನೆಯವನು ಒಂದು ಗೇಣಿನ ಸಂದಿಯಿಂದ ಕೇಳುತ್ತಿದ್ದ. ಕೆಳಗಿನ ಮಹಡಿಯಲ್ಲೂ ಯಾರೋ ಬಾಗಿಲು ತೆರೆದ ಸದ್ದಾಗಿತ್ತು.

"ಇಡಬೇಡಿ. ನಿನ್ನೆ ಅಲ್ಲ," ಎಂದಳು. "ಮಂಗಳವಾರ. ನಾನು ಅವರ ಹತ್ರ ಮಾತಾಡಿದ್ದು ಮಂಗಳವಾರ. ಆಮೇಲೆ ಮಾಡಿಲ್ಲ. ಮಾಡಿದೆ ಅಂತ ಸುಳ್ಳು ಬರೆದೆ. ಒಳಗೆ ಸದ್ದು ಬರ್ತಾ ಇದೆ, ಎರಡು ದಿನದ ಹಾಲು ಇಲ್ಲೇ ಇದೆ. ದಯವಿಟ್ಟು ಯಾರನ್ನಾದರೂ ಕಳಿಸಿ."

ಆ ಕಡೆ ಕೀಬೋರ್ಡಿನ ಟಕಟಕ ನಿಂತಿತು. ಯಾರೂ ಅವಳನ್ನು ಬೈಯಲಿಲ್ಲ. ಹುಡುಗಿ ಅದೇ ದನಿಯಲ್ಲಿ, ಐದು ದಿನ ಅಂತ ಹಾಕಿಕೊಳ್ಳುತ್ತೇನೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಕೇಳಿಟ್ಟುಕೊಂಡಿರಿ, ಬಾಗಿಲು ಒಡೆಯುವವರು ಬರುತ್ತಾರೆ ಎಂದಳು.

ಮಾತ್ರೆಯ ವಿವರ ಇದ್ದದ್ದು ಪಟ್ಟಿ ಅಕ್ಕನ ಹಾಳೆಯಲ್ಲಿ. ಅವಳು ಮೆಟ್ಟಿಲ ಮೇಲೆ ಕೂತು ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು, ಕಿವಿನೋವಿನ ಸಮೇತ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು; ಮೊದಲನೆಯ ಸಲ ಕೇಳಿದವರು ಯಾರೋ, ಈಗ ಕೇಳುತ್ತಿದ್ದವರು ತನ್ನ ಮದುವೆಗೆ ಬಂದವರು. ಪಟ್ಟಿ ಅಕ್ಕ ಮಾತ್ರೆಗಳ ಹೆಸರನ್ನು ಓದಿ ಹೇಳಿದರು, ಕಾಗುಣಿತದ ಸಮೇತ. ಹಾಳೆ ಮಡಿಸಿಟ್ಟ ಸದ್ದಾಯಿತು.

"ಶುಕ್ರವಾರ ಮಧ್ಯಾಹ್ನ ನಾನೇ ಅವರಿಗೆ ಮಾಡಿದ್ದೆ," ಎಂದರು ಆಮೇಲೆ. "ಆಗಾಗ ಎಲ್ಲರ ಪಟ್ಟಿಯಲ್ಲೂ ಒಂದೊಂದು ಮನೆಗೆ ಮಾಡಿ ನೋಡ್ತೀನಿ, ಹಳೇ ಚಾಳಿ. ನೀನು ಮಾಡಿದ್ಯಾ ಅಂತ ಕೇಳಿದೆ. ದಿನಾ ಮಾಡ್ತಾಳೆ, ಇವತ್ತು ಬೆಳಿಗ್ಗೆನೂ ಮಾಡಿದ್ಲು ಅಂದ್ರಲ್ಲೇ ಅವರು."

ಮೆಟ್ಟಿಲಿನ ಅಂಚಿನಲ್ಲಿ ಯಾರೋ ಒರೆಸಿದ ನೀರು ಇನ್ನೂ ಆರಿರಲಿಲ್ಲ. ಮೇಷ್ಟ್ರು ಮೂರು ದಿನ ಹತ್ತು ಗಂಟೆಗೆ ಫೋನಿನ ಪಕ್ಕ ಕೂತಿದ್ದರು, ಅದು ಬರಲಿಲ್ಲ, ಕೇಳಿದವರಿಗೆ ಬಂತು ಎಂದರು. ಮರೆವು ಎಂದುಕೊಂಡರೆ ಅವಳಿಗೆ ಒಳ್ಳೆಯದಿತ್ತು. ಆದರೆ ಪಾರಿವಾಳದ ಮೊಟ್ಟೆ ಎಷ್ಟನೆಯ ದಿನ ಒಡೆಯಿತೆಂದು ಲೆಕ್ಕ ಹೇಳುವ ಮನುಷ್ಯ ಅವರು.

ಇಪ್ಪತ್ತೈದು ನಿಮಿಷಕ್ಕೆ ಅಗ್ನಿಶಾಮಕದವರು ಇಬ್ಬರು ಬಂದರು. ಬಾಗಿಲಿನ ಸಂದಿಗೆ ಸಲಾಕೆ ತೂರಿಸಿ ಒಂದೇ ಸಲ ಮೀಟಿದರು. ಅಷ್ಟು ಸುಲಭಕ್ಕೆ ತೆರೆದುಕೊಂಡಿತು. ಮೇಷ್ಟ್ರು ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಬಿದ್ದಿದ್ದರು, ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಕೋಣೆಯ ತುಂಬ ಮೂತ್ರದ ವಾಸನೆ. ಶುಕ್ರವಾರ ಸಂಜೆ ಬಿದ್ದದ್ದೆಂದು ಆಮೇಲೆ ಗೊತ್ತಾಯಿತು. ಫೋನು ಮಂಚದ ಆಚೆ ಬದಿಯ ಸಣ್ಣ ಮೇಜಿನ ಮೇಲಿತ್ತು, ಚಾರ್ಜಿಗೆ ಹಾಕಿಟ್ಟಿದ್ದರು. ಅಲ್ಲಿ ಅದು ರಿಂಗಾಗುವುದನ್ನು ಅವರು ಬಿದ್ದಲ್ಲಿಂದಲೇ ನೋಡುತ್ತಿದ್ದಿರಬೇಕು, ಕೇಳಿಸದಿದ್ದರೂ ಬೆಳಕು ಕಾಣುತ್ತದಲ್ಲ. ಶನಿವಾರ ಅದು ರಿಂಗಾಗಲೇ ಇಲ್ಲ. ಒಬ್ಬ ಅವರ ತುಟಿಗೆ ಒದ್ದೆ ಹತ್ತಿ ಒತ್ತಿದ, ಇನ್ನೊಬ್ಬ ನಾಡಿ ಹಿಡಿದ. ಜೀವ ಇದೆ, ಗಟ್ಟಿಮುಟ್ಟು ಅಜ್ಜ ಎಂದ. ಆಂಬುಲೆನ್ಸಿನವರು ಸ್ಟ್ರೆಚರ್ ತಂದರು. ಅವಳನ್ನು ಬಾಗಿಲಿನಿಂದ ಒಳಗೆ ಬಿಡಲಿಲ್ಲ. ಹೊತ್ತುಕೊಂಡು ಹೊರಗೆ ಬಂದಾಗ ಮೇಷ್ಟ್ರ ಕಣ್ಣು ಅವಳ ಮೇಲೆ ನಿಂತಿತು. ಮಾಸ್ಕಿನ ಹಿಂದೆ ಅವಳು ಯಾರೆಂದು ಅವರಿಗೆ ತಿಳಿಯುವಂತಿರಲಿಲ್ಲ. ಅವಳು ಬಗ್ಗಿ, ಐದು ವಾರ ಕೂಗಿದ ಹಾಗೆಯೇ ಕೂಗಿ, ಮೇಷ್ಟ್ರೇ ನಾನು ಎಂದಳು.

ಅವರ ಮುಖದಲ್ಲಿ ಗುರುತು ಮೂಡಿತು. ಮುಖದ ಗುರುತಲ್ಲ, ಕೂಗಿನದು.

"ಹತ್ತು ಗಂಟೆ ಆಯ್ತಾ?" ಎಂದರು.

ಹೌದು ಎಂದಳು. ಆಗ ಹನ್ನೆರಡೂವರೆ. ಅದೂ ಒಂದು ಸುಳ್ಳೇ, ಆದರೆ ಅದಕ್ಕಾಗಿ ಅವಳು ಯಾವತ್ತೂ ಪಶ್ಚಾತ್ತಾಪಪಡಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿ ಮಗಳಿಗೆ ಹೇಳಿದಳು. ಮಗಳು ಊಟ ಬಡಿಸಿಟ್ಟಿದ್ದಳು, ನೀರಿನ ಲೋಟವನ್ನು ಅಮ್ಮನ ಕಡೆಗೆ ಸರಿಸಿದಳು. ಪಾಳಿ ಮುಗಿಸಿ ಬಂದ ಗಂಡನಿಗೆ ಹೇಳುವಾಗ ಹದಿನೇಳನೆಯ ವಯಸ್ಸಿನ ಸಂಗತಿಯೂ ಹೊರಗೆ ಬಂತು. ಅವನು ಬೂಟಿನ ದಾರ ಬಿಚ್ಚುತ್ತಿದ್ದವನು ಹಾಗೇ ಬಗ್ಗಿಕೊಂಡೇ, ಇಷ್ಟು ವರ್ಷ ನನ್ನ ಪಕ್ಕದಲ್ಲಿ ನಿಂತು ನೀನು ಹಾಡುತ್ತಿರಲಿಲ್ಲವಾ ಎಂದು ಕೇಳಿದ. ಎಲ್ಲದಕ್ಕಿಂತ ಅದೇ ಅವನಿಗೆ ದೊಡ್ಡದಾಗಿ ಕಂಡಿತು. ಸಂಜೆ ಗುಂಪಿನಲ್ಲಿ ಅವಳು ತಾನೇ ಬರೆದು ಹಾಕಿದಳು: ಬುಧವಾರದಿಂದ ಶನಿವಾರದವರೆಗೆ ಮೇಷ್ಟ್ರಿಗೆ ನಾನು ಫೋನ್ ಮಾಡಿರಲಿಲ್ಲ, ಮಾಡಿದೆನೆಂದು ಬರೆದದ್ದು ಸುಳ್ಳು, ಬೆಳಿಗ್ಗೆ ಹೇಳಿದ್ದೂ ಸುಳ್ಳು. ಎಪ್ಪತ್ತು ಜನರೂ ಓದಿದ ಗುರುತು ಬಂತು. ಒಬ್ಬರೂ ಉತ್ತರಿಸಲಿಲ್ಲ. ಮಾರನೆಯ ದಿನದ ಪಟ್ಟಿಯಲ್ಲಿ ಅವಳ ಹತ್ತು ಮನೆಗಳನ್ನು ಬೇರೆಯವರಿಗೆ ಹಂಚಲಾಗಿತ್ತು. ಬುಧವಾರದವರೆಗೆ ಮೂರು ದಿನ ಅವಳು ಹತ್ತು ಗಂಟೆಗೆ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಮತ್ತೆ ಇಟ್ಟಳು.

ಬುಧವಾರ ಪಾದ್ರಿಗಳೇ ಫೋನ್ ಮಾಡಿದರು. ಮೇಷ್ಟ್ರ ಸೊಂಟದ ಮೂಳೆಗೆ ಆಪರೇಶನ್ ಆಗಿದೆ, ಯಾರನ್ನೂ ಒಳಗೆ ಬಿಡುತ್ತಿಲ್ಲ, ನರ್ಸು ಫೋನ್ ಹಿಡಿದು ಮಾತಾಡಿಸಿದಳು ಎಂದರು. ಅವಳು ಒಂದೇ ವಿಷಯ ಕೇಳಿದಳು. ಶುಕ್ರವಾರ ಅವರು ಯಾಕೆ ಹಾಗೆ ಹೇಳಿದರಂತೆ. ಪಾದ್ರಿಗಳು ಅದನ್ನು ಮೇಷ್ಟ್ರನ್ನು ತಾವೂ ಕೇಳಿದ್ದರು. ಆ ಹುಡುಗಿಗೆ ನಾನು ಏನೋ ಅಂದೆ, ದನಿಯಲ್ಲೇ ಗೊತ್ತಾಯಿತು ನೊಂದುಕೊಂಡಳು ಅಂತ. ಏನಂದೆ ಅನ್ನುವುದು ಮಾತ್ರ ನೆನಪಿಲ್ಲ. ಸಿಟ್ಟು ಇಳಿದ ಮೇಲೆ ಮಾಡುತ್ತಾಳೆ, ಅಷ್ಟರಲ್ಲಿ ಅವಳ ಹೆಸರು ಕೆಡುವುದು ಬೇಡ ಅಂದುಕೊಂಡೆ. ಮೇಷ್ಟ್ರು ಹೀಗಂದರಂತೆ. ಅವರಿಗೆ ಅವಳ ನೆನಪು ಈಗಲೂ ಬಂದಿರಲಿಲ್ಲ, ಇನ್ನು ಬರುವುದೂ ಇಲ್ಲ. ಆ ನೋವು ಎಲ್ಲಿತ್ತೋ ಅಲ್ಲೇ ಇತ್ತು. ಆದರೆ ಅದರ ಪಕ್ಕದಲ್ಲಿ ಈಗ ಇನ್ನೊಂದು ಕೂತಿತ್ತು, ಅದಕ್ಕೆ ಏನು ಹೆಸರಿಡಬೇಕೆಂದು ಅವಳಿಗೆ ಗೊತ್ತಾಗಲಿಲ್ಲ.

ಅಯ್ಯನವರೇ, ನನ್ನನ್ನು ಪಟ್ಟಿಯಿಂದ ತೆಗೆದದ್ದು ಸರಿಯಾಯಿತು ಎಂದಳು. ಪಾದ್ರಿಗಳು, "ತೆಗೆದದ್ದು ನಿನಗೆ ಮೂರು ದಿನ ಉಸಿರಾಡೋಕೆ. ನಾಳೆಯಿಂದ ಒಂಬತ್ತು ಮನೆ ಮತ್ತೆ ನಿನ್ನವೇ," ಎಂದರು. ಅವರೆಲ್ಲರಿಗೂ ಗೊತ್ತಿದೆಯಲ್ಲ, ಯಾರು ನನ್ನ ಹತ್ತಿರ ಮಾತಾಡುತ್ತಾರೆ ಎಂದಳು. ಅದು ಅವರಿಗೆ ಬಿಟ್ಟದ್ದು, ಫೋನ್ ಮಾಡುವುದು ನಿನಗೆ ಬಿಟ್ಟದ್ದು ಎಂದು ಅವರು ಇಟ್ಟುಬಿಟ್ಟರು.

ಗುರುವಾರ ಬೆಳಿಗ್ಗೆ ಅವಳು ಮೊದಲನೆಯ ನಂಬರಿಗೆ ಫೋನ್ ಮಾಡಿದಳು. ಅದು ಹೊಲಿಗೆಯವಳ ಮನೆ. ಗಂಡ ತೀರಿಕೊಂಡು ಹೊಲಿಗೆಯಿಂದಲೇ ಇಬ್ಬರು ಮಕ್ಕಳನ್ನು ಬೆಳೆಸಿದವಳು, ಮಾತು ಕಡಿಮೆ, ಕೇಳಿದ್ದಕ್ಕೆಲ್ಲ ಚೆನ್ನಾಗಿದ್ದೀವಿ ಎಂದು ಅರ್ಧ ನಿಮಿಷದಲ್ಲಿ ಮುಗಿಸುವವಳು. ಎತ್ತಿದಳು. ಯಾರೆಂದು ಹೇಳಿದ ಮೇಲೆ ಆ ಕಡೆ ಬರೀ ಮಷಿನ್ನಿನ ಸದ್ದು ಬಂತು, ಆಮೇಲೆ ಅದೂ ನಿಂತಿತು.

"ಇವತ್ತು ನಿಜವಾಗ್ಲೂ ಮಾಡಿದ್ದೀರಾ," ಎಂದಳು ಹೊಲಿಗೆಯವಳು.

"ಮಾಡಿದ್ದೀನಿ. ಹೇಗಿದ್ದೀರಾ?"

ಚೆನ್ನಾಗಿದ್ದೀವಿ ಬರಲಿಲ್ಲ. ಅವಳು ಕಾದಳು. ಇಟ್ಟುಬಿಡುತ್ತಾಳೆ ಎಂದುಕೊಂಡಳು, ಇಟ್ಟರೆ ನ್ಯಾಯವೇ ಎಂದೂ ಅಂದುಕೊಂಡಳು. ಕುರ್ಚಿ ಎಳೆದ ಸದ್ದು, ಒಂದು ಬಾಗಿಲು ಮೆಲ್ಲಗೆ ಮುಚ್ಚಿದ ಸದ್ದು. ಮತ್ತೆ ಬಂದಾಗ ಹೊಲಿಗೆಯವಳ ದನಿ ತೀರ ತಗ್ಗಿತ್ತು.

"ಆರು ದಿನದಿಂದ ನನಗೆ ಮೆಟ್ಟಿಲು ಹತ್ತಿದ್ರೆ ಉಸಿರು ಸಿಕ್ಕೋದಿಲ್ಲ. ವಾಸನೆ ಹೋಗಿದೆ. ಮಕ್ಕಳಿಗೆ ಹೇಳಿಲ್ಲ. ನಿಮ್ಗೂ, ಆಮೇಲೆ ಮಾಡಿದವರಿಗೂ ಚೆನ್ನಾಗಿದ್ದೀನಿ ಅಂದೆ. ನಮ್ಮನೇಲಿ ಕಾಯಿಲೆ ಅಂತ ಗೊತ್ತಾದ್ರೆ ಯಾರು ಬಟ್ಟೆ ಕೊಡ್ತಾರೆ?" ನಡುವೆ ಎರಡು ಸಲ ನಿಲ್ಲಿಸಿ ಉಸಿರು ಎಳೆದುಕೊಂಡಳು. ಅದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. "ಇದನ್ನ ಬರ್ಕೊಳ್ತೀರಾ?"

"ಬರ್ಕೊಳ್ತೀನಿ," ಎಂದಳು ಅವಳು. ಪೆನ್ನಿನ ಮುಚ್ಚಳ ತೆಗೆದಳು. "ಡಾಕ್ಟರಿಗೂ ಹೇಳ್ತೀನಿ, ಈಗಲೇ. ನೀವು ಫೋನ್ ಇಡ್ಬೇಡಿ."

"ಇಡಲ್ಲ," ಎಂದಳು ಹೊಲಿಗೆಯವಳು. ಆಮೇಲೆ, "ಹೇಗಿದೆಯೋ ಹಾಗೇ ಬರ್ಕೊಳ್ಳಿ," ಎಂದಳು.